ಬಿಜಿಎಂಐ ಆಡ್ಬೇಕಾ, ಫ್ರೀ ಫೈರ್ ಮ್ಯಾಕ್ಸಾ?

ಈ ಎರಡೂ ಮೊಬೈಲ್ ಆಟಗಳಲ್ಲಿ ಆಕಾಶದಿಂದ ಇಳೀತೀರಿ, ಗನ್ ಹುಡುಕ್ತೀರಿ, ಕೊನೇವರೆಗೆ ಉಳಿದವರೇ ಗೆಲ್ತಾರೆ. ಆದರೆ ಆಟದ ಓಟವೇ ಬೇರೆ.

ಬಿಜಿಎಂಐನ ಎರಾಂಗೆಲ್‌ನಲ್ಲಿ 100 ಜನ. ಈ ಮ್ಯಾಪು 8 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಒಂದು ಮ್ಯಾಚಿಗೆ ಹತ್ತಿರ ಹತ್ತಿರ ಅರ್ಧ ಗಂಟೆ. ದೂರಕ್ಕೆ ಹೊಡೆದ ಗುಂಡು ಹೋಗ್ತಾ ಹೋಗ್ತಾ ಕೆಳಗಿಳಿಯುತ್ತೆ, ಹಾಗಾಗಿ ಗುರಿ ಸ್ವಲ್ಪ ಮೇಲಕ್ಕೇ ಇಡಬೇಕು. ಗನ್ ಒದೆಯೋದನ್ನೂ ಬೆರಳಲ್ಲೇ ಹಿಡಿದಿಡಬೇಕು. ಕೈ ಪಳಗೋಕೆ ಟೈಮ್ ಬೇಕು, ನನಗೆ ಇಷ್ಟವಾಗೋದೇ ಅದು.

ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಸಾಮಾನ್ಯವಾಗಿ 50 ಜನ, 10–15 ನಿಮಿಷಕ್ಕೆ ಮುಗೀತು. ಬಯಲಲ್ಲಿ ಸಿಕ್ಕಿಬಿದ್ರೆ ಗ್ಲೂ ವಾಲ್ ಎಸೆದು ತಕ್ಷಣ ಗೋಡೆ ಎಬ್ಬಿಸಬಹುದು. ಪಾತ್ರಗಳಿಗೆ ವಿಶೇಷ ಶಕ್ತಿಗಳೂ ಇವೆ.

ಬಸ್ಸಿಗೆ ಕಾಯೋ ಹೊತ್ತಿಗೆ ಫ್ರೀ ಫೈರ್ ಸರಿ. ನಾಲ್ವರು ಗೆಳೆಯರು ಮೈಕ್ ಆನ್ ಮಾಡಿ, ಪ್ಲಾನ್ ಹಾಕಿ ಆಡೋದಾದ್ರೆ ನನ್ನ ಓಟು ಬಿಜಿಎಂಐಗೇ.