ಪಾರ್ಕಿಗೆ ಟಿಕೆಟ್ ಸಿಕ್ಕಿತು, ಊಟಕ್ಕೆ ಟೇಬಲ್ ಎಲ್ರೀ?

ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, 'ಮಮ್ಮೀ, ವಂಡರ್‌ಲಾಕ್ಕ ಯಾವಾಗ ಹೋಗೋದು?' ಎಂಬ ರಾಗ ಮನೆಮನೆಯಲ್ಲೂ ಶುರುವಾಗುತ್ತದೆ. ಯಜಮಾನರು ಮೊಬೈಲ್ ಹಿಡಿದು ಹತ್ತು ನಿಮಿಷದಲ್ಲಿ ಟಿಕೆಟ್ ಬುಕ್ ಮಾಡಿ, 'ನಂದು ಮುಗೀತಪಾ' ಎಂದು ಸೋಫಾಕ್ಕೆ ಒರಗುತ್ತಾರೆ. ಗಾಡಿಯೂ ಗೊತ್ತಾಗುತ್ತದೆ. ಉಳಿದದ್ದು ಊಟ. ಅದರ ಮಾತು ಬಂದಾಗ ಮಾತ್ರ ಎಲ್ಲರ ಕಣ್ಣೂ ನಿಮ್ಮ ಕಡೆಗೇ! ಎಲ್ಲಿ ಉಣ್ಣೋದು, ಎಷ್ಟು ಹೊತ್ತಿಗೆ ಉಣ್ಣೋದು, ಅತ್ತೆಯವರಿಗೆ ಉಳ್ಳಾಗಡ್ಡಿ ಇಲ್ಲದ್ದು ಸಿಗತದೋ ಇಲ್ಲೋ, ಸಣ್ಣವನಿಗೆ ಖಾರ ಇಲ್ಲದ್ದು ಏನು? ಒಲೆ ಹಚ್ಚುವ ಕೆಲಸ ಎರಡು ದಿನ ತಪ್ಪಿತು ಅಂದುಕೊಂಡರೆ, ಫೋನ್ ಹಚ್ಚುವ ಕೆಲಸ ಬಂದು ಕೂತಿರುತ್ತದೆ.

ನಮ್ಮ ಭಾಗದವರಿಗೆ ಇದು ಹೊಸ ತಲೆನೋವು. ಮಲ್ಲಟದಲ್ಲಿರುವ ನಮ್ಮ ದೊಡ್ಡಮ್ಮನನ್ನು ಕೇಳಿದರೆ ನಕ್ಕುಬಿಡುತ್ತಾಳೆ. 'ಊಟಕ್ಕ ಜಾಗ ಕೇಳಬೇಕೇನವ್ವ? ಬುತ್ತಿ ಕಟ್ಟಿಕೊಂಡ್ರ ಆತು, ಗಿಡದ ನೆಳ್ಳು ಎಲ್ಲೆರ ಇರತದ' ಅನ್ನುವುದು ಅವಳ ಮಾತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದರೂ ಬುತ್ತಿ, ಜಾತ್ರೆಗೆ ಹೋದರೂ ಬುತ್ತಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು ಇಷ್ಟಿದ್ದರೆ ಇಪ್ಪತ್ತು ಮಂದಿ ನೆಮ್ಮದಿಯಾಗಿ ಉಣ್ಣುತ್ತಿದ್ದೆವು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಥೀಮ್ ಪಾರ್ಕಿನ ಗೇಟಿನಲ್ಲಿ ಈ ಬುತ್ತಿಗೆ ಪ್ರವೇಶವಿಲ್ಲ. ವಂಡರ್‌ಲಾದಲ್ಲಿ ಹೊರಗಿನ ತಿಂಡಿ-ಊಟ ಒಳಗೆ ಬಿಡುವುದಿಲ್ಲ. ಬ್ಯಾಗ್ ತಪಾಸಣೆಯ ಹೊತ್ತಿಗೆ ಚಕ್ಕಲಿ ಡಬ್ಬಿಗಾಗಿ ವಾದ ಮಾಡುವ ಅಜ್ಜಿಯರನ್ನು ನೀವೂ ನೋಡಿರಬಹುದು. ಸಿನಿಮಾ ಮಂದಿರಗಳ ವಿಷಯದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹೊರಗಿನ ತಿನಿಸು ಬೇಡವೆನ್ನುವ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಕೂಸುಗಳ ಆಹಾರ ತಡೆಯಬಾರದು ಎಂದಿತು. ಅದು ಥಿಯೇಟರಿನ ಮಾತು, ಪಾರ್ಕಿನದಲ್ಲ. ಆದರೂ ಕೈಗೂಸು ಇರುವವರು, ಸಕ್ಕರೆ ಕಾಯಿಲೆಯವರು ಹೋಗುವ ಮುಂಚೆಯೇ ಪಾರ್ಕಿನ ಕಚೇರಿಗೆ ಫೋನ್ ಮಾಡಿ, ಏನೇನು ಒಳಗೆ ಒಯ್ಯಬಹುದು ಎಂದು ಕೇಳಿಟ್ಟುಕೊಳ್ಳಿ. ಗೇಟಿನ ಹುಡುಗನ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ನಿಯಮ ಮಾಡಿದವನು ಅವನಲ್ಲ.

ರಾಯಚೂರು, ಮಾನ್ವಿ, ದೇವದುರ್ಗ, ಸಿರವಾರದ ಕಡೆಯವರಿಗೆ ಹೈದರಾಬಾದ್ ಏನು ಪರದೇಶವೇ? 1956ರ ತನಕ ನಾವೆಲ್ಲ ಹೈದರಾಬಾದ್ ರಾಜ್ಯದವರೇ. ಬೆಂಗಳೂರಿಗಿಂತ ಹತ್ತಿರ, ಹಿಂದಿ-ತೆಲುಗು ಬಾಯಿಗೆ ಬರುತ್ತದೆ. 2016ರಲ್ಲಿ ಅಲ್ಲಿ ರಾವಿರ್ಯಾಲದ ಹತ್ತಿರ ವಂಡರ್‌ಲಾ ಶುರುವಾದ ಮೇಲಂತೂ ಬಿಡದಿಯ ಕಡೆ ಹೋಗುವವರು ಕಡಿಮೆಯಾದರು. ಕೃಷ್ಣಾ ದಾಟಿ ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರದ ಮೇಲೆ ಶಂಶಾಬಾದ್‌ಗೆ ಬಂದು ರಿಂಗ್ ರೋಡ್ ಹತ್ತಿದರೆ, ಊರೊಳಗೆ ಹೋಗದೆಯೇ ಪಾರ್ಕ್ ಸೇರಬಹುದು. ಪಾರ್ಕ್ ತೆರೆಯುವುದು ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ. ಅಂದರೆ ನಸುಕಿನಲ್ಲಿ ರಾಯಚೂರು ಬಿಟ್ಟವರ ಬೆಳಗಿನ ತಿಂಡಿ ದಾರಿಯಲ್ಲೇ ಆಗಬೇಕು. ಬುತ್ತಿಗೆ ಜಾಗ ಇರುವುದು ಇಲ್ಲಿಯೇ! ಮಹಬೂಬ್‌ನಗರ ದಾಟಿ ಎಲ್ಲಾದರೂ ನೆರಳು ನೋಡಿ ಹೊಟ್ಟೆ ತುಂಬ ತಿನ್ನಿಸಿಬಿಡಿ. ಒಗ್ಗರಣಿ ಮಂಡಾಳು ಒಯ್ಯುವಿರಾದರೆ ಪುಟಾಣಿ ಹಿಟ್ಟು ಬೇರೆಯೇ ಕಟ್ಟಿಕೊಳ್ಳಿ.

ಈಗ ಮಧ್ಯಾಹ್ನದ ಊಟ. ಪಾರ್ಕಿನೊಳಗೆ ಉಪಾಹಾರ ಗೃಹಗಳೇನೋ ಇವೆ. ಅಲ್ಲಿ ತೊಂದರೆ ಊಟದ್ದಲ್ಲ, ಹೊತ್ತಿನದು. ನೀರಿನ ಆಟಗಳು ಶುರುವಾಗುವುದು ಮಧ್ಯಾಹ್ನದ ಹೊತ್ತಿಗೆ. ಎಲ್ಲರೂ ಒಟ್ಟಿಗೇ ನೀರಿಗಿಳಿದು, ಒಟ್ಟಿಗೇ ಹಸಿದು, ಒಂದೂವರೆಗೆಲ್ಲ ಒದ್ದೆ ಬಟ್ಟೆಯಲ್ಲೇ ಕೌಂಟರಿನ ಮುಂದೆ ನಿಲ್ಲುತ್ತಾರೆ. ಒಬ್ಬರು ಕೂಪನ್ ಸಾಲಿನಲ್ಲಿ, ಒಬ್ಬರು ಕುರ್ಚಿ ಹಿಡಿಯಲು, ಅತ್ತೆ-ಮಾವ ಬಿಸಿಲಲ್ಲಿ. ಟಿಕೆಟ್ ಜೊತೆಗೇ ಊಟ ಸೇರಿಸಿ ಕೊಳ್ಳುವ ಸೌಲಭ್ಯ ಇದ್ದರೆ ಆನ್‌ಲೈನ್‌ನಲ್ಲಿ ಅದನ್ನೇ ಆರಿಸಿ, ದುಡ್ಡು ಕಟ್ಟುವ ಸಾಲಾದರೂ ತಪ್ಪುತ್ತದೆ. ಒಂದು ಮಾತು ನೆನಪಿರಲಿ: ಊಟದ ಕೂಪನ್ ಅಂದರೆ ಟೇಬಲ್ ಅಲ್ಲ. ಕುರ್ಚಿ ನಿಮ್ಮದೆಂದು ಯಾರೂ ಹಿಡಿದಿಟ್ಟಿರುವುದಿಲ್ಲ. ಹನ್ನೆರಡೂವರೆಗೆ ಉಂಡುಬಿಡಿ, ಇಲ್ಲವೇ ಮೂರಕ್ಕೆ ಹೋಗಿ. ಬೇಗ ಉಂಡವರು ರೀಕಾಯಿಲ್‌ನಂಥ ತಲೆಕೆಳಗು ಮಾಡುವ ಆಟವನ್ನು ತಾಸೊಪ್ಪತ್ತು ಮುಂದೂಡಿ. ಉಂಡದ್ದು ಹೊಟ್ಟೆಯಲ್ಲಿ ಉಳಿಯಬೇಕಲ್ಲ!

ರಾಮೋಜಿ ಫಿಲ್ಮ್ ಸಿಟಿಯದು ಇನ್ನೊಂದು ಕಥೆ. 1996ರಲ್ಲಿ ಶುರುವಾದ, ಗಿನ್ನೆಸ್ ದಾಖಲೆ ಸೇರಿದ ಅಷ್ಟು ದೊಡ್ಡ ಆವರಣದಲ್ಲಿ ಬಸ್ಸಿನಲ್ಲಿ ಕೂರಿಸಿ ಸುತ್ತಿಸುತ್ತಾರೆ. ಊಟದ ಹೊತ್ತಿಗೆ ನೀವು ಯಾವ ಮೂಲೆಯಲ್ಲಿರುತ್ತೀರೋ ಹೇಳಲಾಗದು. ಊಟ ಸೇರಿದ ಪ್ಯಾಕೇಜ್ ತೆಗೆದುಕೊಂಡರೆ ಆ ಊಟ ಯಾವ ಹೋಟೆಲಿನಲ್ಲಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಿ. ಬೆಂಗಳೂರಿನ ದಾರಿ ಹಿಡಿದವರಿಗೆ ಈ ಚಿಂತೆ ಸ್ವಲ್ಪ ಕಡಿಮೆ. ರಾತ್ರಿ ಗಾಡಿಗೆ ಹೋಗಿ ಇಳಿದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, 2005ರಿಂದ ಇರುವ ಅಲ್ಲಿನ ವಂಡರ್‌ಲಾಕ್ಕೆ ಹೋದರಾಯಿತು. ತಟ್ಟೆ ಇಡ್ಲಿಗೆ ಯಾವ ಬುಕಿಂಗೂ ಬೇಡ, ನಿಂತೇ ತಿನ್ನಬಹುದು.

ರಾತ್ರಿಯ ಟೇಬಲ್

ನಿಜವಾದ ಪರದಾಟ ಇರುವುದು ರಾತ್ರಿಯ ಊಟಕ್ಕೆ. ಇಡೀ ದಿನ ನೀರಲ್ಲಿ ಆಡಿ ಕಣ್ಣು ಕೆಂಪಾದ ಮಕ್ಕಳು, ಕಾಲುನೋವೆನ್ನುವ ಹಿರಿಯರು, ಹೊರಗೆ ಹೈದರಾಬಾದಿನ ಟ್ರಾಫಿಕ್. ಹೋದ ವರ್ಷ ದಸರಾ ರಜೆಯಲ್ಲಿ ನಾವು ಹನ್ನೊಂದು ಮಂದಿ ಹೋಗಿದ್ದೆವು. ನಗರದ ಒಂದು ಹೋಟೆಲಿಗೆ (ಹೆಸರು ಬೇಡ ಬಿಡಿ) ನಾಲ್ಕು ದಿನ ಮುಂಚೆಯೇ ಫೋನ್ ಮಾಡಿ ಎಂಟು ಗಂಟೆಗೆ ಟೇಬಲ್ ಹೇಳಿದ್ದೆ. 'ಹೋ ಗಯಾ ಮೇಡಂ' ಅಂದಿದ್ದರು. ಎಂಟೂ ಐದಕ್ಕೆ ಹೋಗಿ ನಿಂತರೆ, ಬಾಗಿಲಲ್ಲಿದ್ದವನು ಪಟ್ಟಿ ನೋಡಿ, 'ಭಾನುವಾರ ನಾವು ಬುಕಿಂಗೇ ತೊಗೊಳ್ಳಲ್ಲ, ಹೆಸರು ಬರೆಸಿ' ಎಂದ! ಫೋನಿನಲ್ಲಿ ಒಪ್ಪಿಕೊಂಡವರು ಯಾರು ಅಂದರೆ ಅವನಿಗೂ ಗೊತ್ತಿಲ್ಲ. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತೆವು. ನಮ್ಮ ವೈನಿ ಸುಮ್ಮನಿರಲಾರದೆ ಬ್ಯಾಗಿನಿಂದ ಖಾರ ಶೇಂಗಾ ತೆಗೆದು ಎಲ್ಲರಿಗೂ ಹಂಚಿದರು. ಮಾವನವರು ಮಾತಾಡಲಿಲ್ಲ. ಮಾತಾಡದ ಹಸಿವು ಬೈಯ್ಯುವುದಕ್ಕಿಂತ ಹೆಚ್ಚು ಚುಚ್ಚುತ್ತದೆ, ಅಲ್ಲವೇ?

ಆಮೇಲೆ ವಿಚಾರಿಸಿದಾಗ ತಿಳಿದದ್ದು, ಇದು ಒಬ್ಬರ ಕಥೆಯಲ್ಲ. ಜನ ಹೆಚ್ಚು ಬರುವ ಹೋಟೆಲುಗಳು ಶನಿವಾರ-ಭಾನುವಾರ ಟೇಬಲ್ ಕಾದಿರಿಸಲು ಮನಸ್ಸು ಮಾಡುವುದಿಲ್ಲ. ಬಾಗಿಲಲ್ಲಿ ಹತ್ತು ಗುಂಪು ಕಾಯುತ್ತಿರುವಾಗ ನಿಮಗಾಗಿ ಹನ್ನೊಂದು ಕುರ್ಚಿ ಖಾಲಿ ಇಟ್ಟರೆ ಅವರಿಗೆ ನಷ್ಟ. ಬುಕ್ ಮಾಡಿ ಬಾರದೇ ಇರುವವರೂ ಬಹಳ. ಇಬ್ಬರಿಗೆ, ನಾಲ್ವರಿಗೆ ಸುಲಭವಾಗಿ ಸಿಗುವ ಜಾಗ ಹನ್ನೊಂದು ಮಂದಿಗೆ ಸಿಗುವುದಿಲ್ಲ. ನಮ್ಮವು ಕೂಡುಕುಟುಂಬದ ಟೂರುಗಳು ನೋಡಿ! ಒಂದೇ ಟೇಬಲ್ ಬೇಕೆಂಬ ಹಟ ಬಿಟ್ಟು, ಆರು ಮತ್ತು ಐದು ಎಂದು ಎರಡು ಟೇಬಲ್ ಕೇಳಿ. ಬೇಗ ಸಿಗುತ್ತದೆ. ಮಕ್ಕಳನ್ನೆಲ್ಲ ಒಂದು ಟೇಬಲ್ಲಿಗೆ ಹಾಕಿದರೆ ದೊಡ್ಡವರಿಗೂ ಸ್ವಲ್ಪ ಆರಾಮ.

ಫೋನಿನಲ್ಲಿ ಮಾತಾಡಿದವರ ಹೆಸರು ಕೇಳಿ ಬರೆದುಕೊಳ್ಳಿ, ಒಪ್ಪಿಗೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ. ತಡವಾದರೆ ಎಷ್ಟು ಹೊತ್ತು ಹಿಡಿದಿಡುತ್ತೀರಿ ಎಂದೂ ಕೇಳಿ. ಹೊರಡುವ ದಿನ ಬೆಳಿಗ್ಗೆ ಮತ್ತೊಂದು ಫೋನ್. 'ಏನು ಇಷ್ಟೊಂದು ಫೋನು' ಎಂದು ಮನೆಯವರು ನಕ್ಕರೆ ನಗಲಿ. ಆ್ಯಪ್ ಮೂಲಕ ಮಾಡುವುದಾದರೆ ಡೈನ್‌ಔಟನ್ನು 2022ರಲ್ಲಿ ಸ್ವಿಗ್ಗಿ ಕೊಂಡುಕೊಂಡಿತು, ಝೊಮ್ಯಾಟೊದವರದು ಈಗ ಡಿಸ್ಟ್ರಿಕ್ಟ್ ಎಂಬ ಬೇರೆ ಆ್ಯಪ್. ಕೆಲವು ಕಡೆ ಬುಕ್ ಮಾಡುವಾಗಲೇ ಸ್ವಲ್ಪ ಹಣ ಕಟ್ಟಿಸಿಕೊಂಡು ಬಿಲ್ಲಿನಲ್ಲಿ ಕಳೆಯುತ್ತಾರೆ. ಹೋಗದಿದ್ದರೆ ಅದು ವಾಪಸ್ ಬರುತ್ತದೋ ಇಲ್ಲವೋ ಎಂಬ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡಾದರೂ ಓದಿ.

ಬಿಲ್ ಬಂದಾಗ ಇನ್ನೊಂದು ಸಾಲು ನೋಡಿ: ಸರ್ವಿಸ್ ಚಾರ್ಜ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಹೋಟೆಲಿನವರು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ, ಇದು ಬೇರೆ. ಸೇವೆ ಇಷ್ಟವಾದರೆ ಕೊಡಿ, ಬಲವಂತವಿಲ್ಲ. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ದಿನ ಆರಿಸುವುದರಲ್ಲೇ ಅರ್ಧ ಗೆಲುವಿದೆ. ದಸರಾಕ್ಕೆ ನಮಗೂ ರಜೆ, ತೆಲಂಗಾಣದವರಿಗೂ ರಜೆ. ಎರಡೂ ರಾಜ್ಯದ ಮಕ್ಕಳು ಒಂದೇ ಗೇಟಿಗೆ! ಬೇಸಿಗೆಯಲ್ಲಿ ಹಾಗಲ್ಲ. ನಮ್ಮ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಲ್ಲಿ ರಜೆ ಬಿದ್ದರೆ, ಅವರ ಶಾಲೆಗಳು ಸುಮಾರು 23ರ ತನಕ ನಡೆಯುತ್ತವೆ. ಆ ಹತ್ತು-ಹನ್ನೆರಡು ದಿನಗಳಲ್ಲಿ ವಾರದ ನಡುವೆ ಹೋಗಿಬನ್ನಿ. ಸೋಮವಾರ ಜನ ಕಡಿಮೆ ಎಂದು ಲೆಕ್ಕ ಹಾಕುವವರು ಮನೆಯಲ್ಲಿ ಯಾರಿಗೆ ಸೋಮವಾರ ಒಪ್ಪತ್ತು ಎಂಬುದನ್ನೂ ನೋಡಿಕೊಳ್ಳಿ ಮತ್ತೆ!

ಮಗಳು ಅಮೆರಿಕಾದಲ್ಲಿದ್ದರೆ

ಇತ್ತೀಚೆಗೆ ರಾಯಚೂರಿನ ಎಷ್ಟೋ ತಾಯಂದಿರು ಮಗ-ಮಗಳ ಮನೆಗೆಂದು ಅಮೆರಿಕಾಕ್ಕೆ ಹೋಗುತ್ತಾರೆ. ಮಕ್ಕಳು ಫ್ಲಾರಿಡಾದ ಆರ್ಲಾಂಡೊಗೆ, ಡಿಸ್ನಿ ವರ್ಲ್ಡ್ ತೋರಿಸಲು ಕರೆದೊಯ್ಯುತ್ತಾರೆ. ಅಲ್ಲಿನ ವ್ಯವಸ್ಥೆ ಕೇಳಿದರೆ ನಮ್ಮದೇ ವಾಸಿ ಅನಿಸಬಹುದು. ಡಿಸ್ನಿಯೊಳಗಿನ ಹೆಸರಾದ ಹೋಟೆಲುಗಳಲ್ಲಿ ಕೂತು ಉಣ್ಣಬೇಕಾದರೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಕೋವಿಡ್‌ಗೆ ಮೊದಲು ಅದು 180 ದಿನ ಇತ್ತು. ಆರು ತಿಂಗಳ ನಂತರ ಯಾವ ದಿನ, ಎಷ್ಟು ಗಂಟೆಗೆ, ಏನು ಉಣ್ಣುತ್ತೇವೆ ಎಂದು ಹೇಳಬೇಕಿತ್ತಂತೆ! ಈಗಲೂ ಅಲ್ಲಿಯ ಬೆಳಗಿನ ಆರಕ್ಕೆ ಎದ್ದು ಕಂಪ್ಯೂಟರ್ ಮುಂದೆ ಕೂರುತ್ತಾರೆ, ರಾಜಕುಮಾರಿ ಸಿಂಡ್ರೆಲ್ಲಾಳ ಅರಮನೆಯೊಳಗಿನ ಊಟದಂಥವು ಬಹುಬೇಗ ಮುಗಿದುಹೋಗುತ್ತವೆ. ಅಲ್ಲಿ ಬೇಸಿಗೆಯಾದರೆ ಆ ಹೊತ್ತು ನಮಗೆ ಮಧ್ಯಾಹ್ನ ಮೂರೂವರೆ. ನಿದ್ದೆ ಕೆಡದೆ ಇಲ್ಲಿಂದಲೇ ಬುಕ್ ಮಾಡಿಕೊಡುವ ಅಮ್ಮಂದಿರೂ ಇರಬಹುದು. ಬುಕ್ ಮಾಡಿ ಹೋಗದಿದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ದಂಡ.

ಆದರೆ ತಮಾಷೆ ನೋಡಿ, ಅದೇ ಡಿಸ್ನಿಯಲ್ಲಿ ಮನೆಯ ಬುತ್ತಿ ಒಳಗೆ ಒಯ್ಯಬಹುದು! ಗಾಜಿನ ಡಬ್ಬಿ, ಮದ್ಯ ಇರಬಾರದು ಅಷ್ಟೇ. ಚಪಾತಿ ಸುರುಳಿ, ಚಟ್ನಿಪುಡಿ, ಮೆತ್ತನೆ ಇಡ್ಲಿ ಏನಾದರೂ ಸರಿ. ಬುಕಿಂಗ್ ಸಿಗಲಿಲ್ಲವೆಂದು ಮಗಳು ಮುಖ ಸಣ್ಣದು ಮಾಡಿದರೆ ಇದನ್ನು ನೆನಪಿಸಿ. ಒಂದು ಹೊತ್ತು ಕೂತೇ ಉಣ್ಣಬೇಕೆಂದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ 'ಸನಾ' ಎಂಬ ಹೋಟೆಲಿನಲ್ಲಿ ಆಫ್ರಿಕಾ-ಭಾರತದ ರುಚಿ ಬೆರೆತ ಊಟವಿದೆ. ನಾನ್ ಮತ್ತು ಬಗೆಬಗೆಯ ಚಟ್ನಿಗಳ ತಟ್ಟೆಗೆ ಅದು ಹೆಸರುವಾಸಿ. ಸಸ್ಯಾಹಾರವೆಂದು ಬುಕ್ ಮಾಡುವಾಗಲೇ ಬರೆಯಿರಿ, ಮೊಟ್ಟೆಯೂ ಬೇಡವಾದರೆ ಅದನ್ನು ಬೇರೆಯಾಗಿಯೇ ಬರೆಯಿರಿ. ಅಲ್ಲಿ ಮೊಟ್ಟೆ ಸಸ್ಯಾಹಾರದ ಲೆಕ್ಕಕ್ಕೇ ಬರುತ್ತದೆ.

ಇಷ್ಟೆಲ್ಲ ಓದಿ, 'ಇದನ್ನೆಲ್ಲ ನಾನೊಬ್ಬಳೇ ಮಾಡಬೇಕೇನ್ರಿ?' ಎಂದು ನೀವು ಕೇಳಿದರೆ, ಬೇಡವೇ ಬೇಡ. ಟಿಕೆಟ್ ತೆಗೆಯುವ ದಿನವೇ ಊಟದ ಹೊತ್ತುಗಳನ್ನೂ ಹಂಚಿಬಿಡಿ. ಮಧ್ಯಾಹ್ನದ ಕೂಪನ್ ಯಜಮಾನರ ಪಾಲಿಗೆ, ರಾತ್ರಿಯ ಟೇಬಲ್ ಮೈದುನನ ಪಾಲಿಗೆ. ಕಾಲೇಜಿಗೆ ಹೋಗುವ ಮಗನಿದ್ದರೆ ಆ್ಯಪ್ ಅವನದು. 'ನಿನಗ ಗೊತ್ತಾಗತದ, ನೀನ ಮಾಡು' ಎಂಬ ಮಾತು ಬರುತ್ತದೆ, ಹೊಗಳಿಕೆಯೆಂದು ಕರಗಬೇಡಿ. ಟೇಬಲ್ ಸಿಗದಿದ್ದರೆ ಉತ್ತರ ಹೇಳುವವರು ಯಾರೆಂಬುದೂ ಆ ದಿನವೇ ಗೊತ್ತಿರಲಿ. ಅಡುಗೆ ಕೆಟ್ಟರೆ ಬೈಸಿಕೊಳ್ಳುವುದು ನಮಗೆ ರೂಢಿ, ಪರವಾಗಿಲ್ಲ. ಯಾರದೋ ಹೋಟೆಲಿನಲ್ಲಿ ಕುರ್ಚಿ ಇಲ್ಲದ್ದಕ್ಕೂ ನಾವೇ ಏಕೆ ಬೈಸಿಕೊಳ್ಳಬೇಕು?

ನಿಮ್ಮ ಪಾಲಿಗೆ ದಾರಿಯ ಬುತ್ತಿ ಒಂದಿದ್ದರೆ ಸಾಕು. ಅದರಲ್ಲೂ ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ ಒಂದಿಷ್ಟು ಹೆಚ್ಚಿಗೇ ಕಟ್ಟಿ ಗಾಡಿಯಲ್ಲೇ ಬಿಡಿ, ವಾಪಸ್ ಬರುವಾಗ ಶಾದ್‌ನಗರ ದಾಟುವ ಹೊತ್ತಿಗೆ ಎಲ್ಲರೂ ಕೇಳುತ್ತಾರೆ. ಮೊಸರು ಮಾತ್ರ ಗಾಡಿಯಲ್ಲಿ ಬಿಡಬೇಡಿ, ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಹುಳಿಯಾಗಿಬಿಡುತ್ತದೆ. ಜಡ್ಚರ್ಲಾದಲ್ಲಿ ನಿಲ್ಲಿಸಿ ಒಂದು ಪಾಕೀಟು ಕೊಂಡರಾಯಿತು.