ಬೀಳ್ಕೊಡಲಾಗದವರ ದುಃಖ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ವ್ಯಾಧಿಯನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿತು. ಅದರ ಹಿಂದಿನ ದಿನವಷ್ಟೇ ನಮ್ಮ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಭಾರತದಲ್ಲಿ ಈ ವ್ಯಾಧಿಯಿಂದಾದ ಮೊದಲ ಸಾವು ಅದೆಂದು ಅನಂತರ ದೃಢಪಟ್ಟಿತು. ಶ್ವಾಸಕೋಶಕ್ಕಾದ ಹಾನಿಯ ಕುರಿತು ಸಾಕಷ್ಟು ಬರೆಯಲಾಗಿದೆ. ಮನಸ್ಸಿಗಾದ ಗಾಯದ ಮಾತು ಕಡಿಮೆ. ಮೊದಲ ವರ್ಷದಲ್ಲಿಯೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿದವೆಂದು ಅದೇ ಸಂಸ್ಥೆ 2022ರಲ್ಲಿ ತಿಳಿಸಿತು. ಸೋಂಕಿನ ಭಯ, ಒಂಟಿತನ, ದುಡಿಮೆ ಹೋದ ಚಿಂತೆ, ಹೀಗೆ ಕಾರಣಗಳು ಹಲವು. ಅನೇಕರಲ್ಲಿ ಇವು ಕಾಲಕ್ರಮದಲ್ಲಿ ತಗ್ಗಿವೆ. ಸುಲಭವಾಗಿ ತಗ್ಗದಿರುವುದು, ತಮ್ಮವರನ್ನು ಬೀಳ್ಕೊಡಲಾಗದವರ ದುಃಖ.

ಸಾವಿನ ಮನೆಯ ಆಚರಣೆಗಳು ಬರಿಯ ಸಂಪ್ರದಾಯವಲ್ಲ. ಮೀಯಿಸಿ ವಿಭೂತಿ ಧರಿಸುವುದು, ಕುಳ್ಳಿರಿಸಿ ಹೂಮಾಲೆ ಹಾಕುವುದು, ರಾತ್ರಿಯಿಡೀ ಭಜನೆ, ಸಮಾಧಿಗೆ ಬಿಲ್ವಪತ್ರೆ, ಹಿಡಿ ಮಣ್ಣು: ಇವು ನಡೆಯುವಾಗ ‘ಹೋದರು’ ಎಂಬ ಸತ್ಯವನ್ನು ಕಣ್ಣು, ಕೈಗಳು ಮೊದಲು ಒಪ್ಪುತ್ತವೆ, ಮನಸ್ಸು ನಿಧಾನವಾಗಿ ಹಿಂಬಾಲಿಸುತ್ತದೆ. ಮಹಾಮಾರಿಯ ನಿಯಮಗಳು ಶವವನ್ನು ಮುಟ್ಟುವುದನ್ನೂ ಮೀಯಿಸುವುದನ್ನೂ ನಿಷೇಧಿಸಿದವು. ಮುಖದರ್ಶನಕ್ಕೂ ಮುಟ್ಟದೆ ಮಾಡುವ ಪ್ರಾರ್ಥನೆಗೂ ಅವಕಾಶವಿದ್ದುದು ನಿಜ. ಆದರೆ 2021ರ ಏಪ್ರಿಲ್, ಮೇ ತಿಂಗಳುಗಳ ಆ ಸಂಕಟದಲ್ಲಿ ಎಷ್ಟೋ ಮಂದಿಗೆ ಅದೂ ದೊರೆಯಲಿಲ್ಲ. ತಾವೇ ಸೋಂಕಿತರಾಗಿ ಬೇರೊಂದು ಹಾಸಿಗೆಯಲ್ಲಿದ್ದವರಿಗೆ ಸುದ್ದಿ ಫೋನಿನಲ್ಲಿ ಬಂದಿತು.

ಅಂಥವರಲ್ಲಿ ಕೆಲವರು ಇಂದಿಗೂ ಆಂಬುಲೆನ್ಸಿನ ಸದ್ದಿಗೆ ಬೆಚ್ಚುತ್ತಾರೆ. ‘ಮನೆಗೆ ಸೋಂಕು ತಂದವನು ನಾನೇ ಇರಬಹುದೇ?’ ಎಂಬ ಪ್ರಶ್ನೆ ಅವರನ್ನು ದುಃಖಕ್ಕಿಂತ ಆಳವಾಗಿ ಕೊರೆಯುತ್ತದೆ. ಈ ಸೋಂಕು ಲಕ್ಷಣಗಳು ಕಾಣಿಸುವ ಮೊದಲೇ ಹರಡುವಂಥದು. ಒಂದೇ ಮನೆಯೊಳಗೆ ಯಾರಿಂದ ಯಾರಿಗೆ ತಗುಲಿತೆಂದು ಖಚಿತವಾಗಿ ಹೇಳುವುದು ಬಹಳ ಕಷ್ಟ. ಇದನ್ನು ಅವರಿಗೆ ಒಮ್ಮೆಯಲ್ಲ, ಹಲವು ಬಾರಿ ಹೇಳಬೇಕಾಗುತ್ತದೆ. ‘ಲಿಂಗೈಕ್ಯರಾದವರಿಗಾಗಿ ಅಳಬಾರದು’ ಎಂದು ಬಾಯಿ ಮುಚ್ಚಿಸುವುದು, ಉದ್ದೇಶ ಒಳ್ಳೆಯದಾದರೂ, ಉಪಕಾರವಲ್ಲ.

ವರ್ಷಗಳು ಕಳೆದಿದ್ದರೂ ಸ್ಮರಣೆಗೆ ತಡವಾಗಿಲ್ಲ. ಮನೆಯವರೆಲ್ಲ ಒಂದು ದಿನ ಸೇರಿ, ಭಾವಚಿತ್ರದ ಮುಂದೆ ಕುಳಿತು, ಅಂದು ನಡೆದುದನ್ನು ಮೊದಲಿನಿಂದ ಮಾತನಾಡಲಿ. ಆ ದಿನ ಆಸ್ಪತ್ರೆಯ ಹೊರಗೆ ನಿಂತಿದ್ದವರು ಮೊದಲು ಮಾತನಾಡಲಿ. ಆರು ತಿಂಗಳು ಮೀರಿದರೂ ಅಗಲಿದವರ ತೀವ್ರ ಹಂಬಲ ಬಿಡದೆ, ನಿತ್ಯದ ಕೆಲಸಗಳು ಕೆಟ್ಟಿದ್ದರೆ ಅದು ದೌರ್ಬಲ್ಯವಲ್ಲ, ಚಿಕಿತ್ಸೆಯುಳ್ಳ ತೊಂದರೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಸಾಯಬೇಕೆಂಬ ಮಾತು ಬಾಯಲ್ಲಿ ಬಂದಿದ್ದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.