ಕರಟದ ಬಟ್ಟಲಿಗೆ ಕವೆ ಮಣೆ
ಬಡಗಿಯ ಸ್ಯಾಂಡರ್ ಯಂತ್ರಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸುಲಭ ಜೋಡಣೆ

ತೆಂಗಿನ ಮರದಲ್ಲಿ ಬಿಸಾಡುವಂಥದು ಏನೂ ಇಲ್ಲವೆಂದು ಅರಸೀಕೆರೆ ಸೀಮೆಯ ಹಿರಿಯರು ಹೇಳುತ್ತಾರೆ. ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ, ಸಿಪ್ಪೆ ನಾರಿಗೆ, ಕಾಯಿ ಅಡುಗೆಗೆ, ಕೊಬ್ಬರಿ ಪೇಟೆಗೆ. ಕರಟ ಮಾತ್ರ ಬಹುಪಾಲು ನೀರೊಲೆಗೆ ಹೋಗುತ್ತದೆ, ಇಲ್ಲವೇ ಇದ್ದಿಲಿನವರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಸಿಪ್ಪೆ ಸಹಿತ ಕಾಯಿಯ ತೂಕದಲ್ಲಿ ಸುಮಾರು ಎಂಟನೆಯ ಒಂದು ಪಾಲು ಈ ಕರಟ. ಅದರಲ್ಲಿ ಒಂದಷ್ಟನ್ನಾದರೂ ಬಟ್ಟಲು, ಸೌಟುಗಳನ್ನಾಗಿ ಮಾಡಿ ಎಣಿಕೆಯ ಲೆಕ್ಕದಲ್ಲಿ ಮಾರಲು ಸಾಧ್ಯವೇ ಎಂಬುದು ಯೋಚಿಸತಕ್ಕ ವಿಷಯ.

ಕರಟದ ಸೌಟು, ಎಣ್ಣೆ ಅಳೆಯುವ ಚಿಪ್ಪು ನಮಗೆ ಹೊಸತಲ್ಲ. ಕೇರಳದಲ್ಲಿ ಕರಟದ ಕುಶಲ ಕೆಲಸ ಬಹಳ ಹಿಂದಿನಿಂದ ಬಂದದ್ದು. ನಮ್ಮ ಕಡೆ ಗಿರಾಕಿಗೂ ಪೂರ್ತಿ ಕೊರತೆಯಿಲ್ಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ದೇವಾಲಯ ನೋಡಲು ಬಂದವರು ಊರಿನ ಗುರುತಾಗಿ ಒಂದು ಸಾಮಾನು ಕೊಳ್ಳುವುದುಂಟು. ಆದರೆ ಕೊಳ್ಳುವವರು ಎರಡನ್ನು ನೋಡಿಯೇ ನೋಡುತ್ತಾರೆ. ಬಟ್ಟಲು ಮೇಜಿನ ಮೇಲೆ ಅಲುಗಾಡದೆ ಕೂರಬೇಕು. ಅದರ ಅಂಚು ತುಟಿಗೆ ತಾಗಿದರೆ ಚುಚ್ಚಬಾರದು. ಬರಿಗೈಯಿಂದ ಈ ಎರಡನ್ನೂ ಸಾಧಿಸುವುದು ಕಷ್ಟ.

ಯಂತ್ರ ಇದ್ದರೆ ಸಾಲದೇ?

ಈಗ ಹೋಬಳಿ ಊರುಗಳ ಬಡಗಿ ಅಂಗಡಿಗಳಲ್ಲೂ ಸ್ಯಾಂಡರ್ ಯಂತ್ರಗಳಿವೆ. ಬೆಂಚಿನ ಮೇಲೆ ಕೂರಿಸುವ ಸಣ್ಣ ಮಾದರಿಯಲ್ಲಿ ಉಪ್ಪು ಕಾಗದದ 4 ಅಂಗುಲ ಅಗಲದ ಪಟ್ಟಿ ಎರಡು ಉರುಳೆಗಳ ಮೇಲೆ ಓಡುತ್ತಿರುತ್ತದೆ. ಪಕ್ಕದಲ್ಲಿ 6 ಅಂಗುಲದ ತಟ್ಟೆಯೊಂದು ಸುತ್ತುತ್ತಿರುತ್ತದೆ. ಅರ್ಧ ಅಶ್ವಶಕ್ತಿಯ ಮೋಟಾರು ಸಾಕಾದ್ದರಿಂದ ಮನೆಯ ಒಂಟಿ ಫೇಸ್ ವಿದ್ಯುತ್ತಿನಲ್ಲೇ ನಡೆಯುತ್ತದೆ.

ಈ ಯಂತ್ರ ಹುಟ್ಟಿದ್ದು ಚಪ್ಪಟೆ ಮರಕ್ಕಾಗಿ. ಹಲಗೆಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿಯಬಹುದು. ಕರಟ ಗುಂಡಗಿದೆ, ನುಣುಪಾಗಿದೆ, ಹಿಡಿತಕ್ಕೆ ಸಿಕ್ಕುವುದಿಲ್ಲ. ಪಟ್ಟಿಯ ಮೇಲೆ ಬಾಯಿ ಕೆಳಗಾಗಿ ಒತ್ತಿದರೆ ಕ್ಷಣದಲ್ಲಿ ಕಸಿದುಕೊಂಡು ಎಸೆಯುತ್ತದೆ. ಅದರ ಹಿಂದೆಯೇ ಬೆರಳ ತುದಿ ಪಟ್ಟಿಗೆ ತಾಗುತ್ತದೆ. ಹೇಗೋ ಹಿಡಿದುಕೊಂಡರೂ ಒತ್ತಡ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಗಿ ಅಂಚು ಓರೆಯಾಗುತ್ತದೆ. 6 ಅಂಗುಲದ ತಟ್ಟೆ ಈ ಕೆಲಸಕ್ಕೆ ಇನ್ನೂ ಹೊಂದದು. ನಿಮಿಷಕ್ಕೆ 2,850 ಸುತ್ತು ತಿರುಗುವ ಅಂಥ ತಟ್ಟೆಯ ಅಂಚು ಸೆಕೆಂಡಿಗೆ 22 ಮೀಟರಿನಷ್ಟು ವೇಗವಾಗಿ ಓಡುತ್ತದೆ, ನಡುಮಧ್ಯೆ ಮಾತ್ರ ವೇಗವೇ ಇಲ್ಲ. ಒಂದು ಪಕ್ಕ ಕೆಳಗೆ ಇಳಿಯುತ್ತಿದ್ದರೆ ಇನ್ನೊಂದು ಪಕ್ಕ ಮೇಲೇಳುತ್ತಿರುತ್ತದೆ. ಕರಟದ ಅಗಲವಾದ ಬಾಯಿ ಎರಡೂ ಪಕ್ಕಕ್ಕೆ ತಾಗಿದರೆ ಮೇಲಕ್ಕೆ ಚಿಮ್ಮುವುದು ಖಂಡಿತ. ಆದ್ದರಿಂದ ಪಟ್ಟಿಯನ್ನೇ ಬಳಸಬೇಕು. ಕರಟವನ್ನು ತಡೆದು ನಿಲ್ಲಿಸುವ ಒಂದು ಆಧಾರ ಬೇಕು. ಇಂಥ ಆಧಾರಕ್ಕೆ ವರ್ಕ್‌ಶಾಪಿನವರು ಜಿಗ್ ಎನ್ನುತ್ತಾರೆ. ಮರದ ಕವೆಯಂತೆ ಇರುವುದರಿಂದ ಇಲ್ಲಿ ಅದನ್ನು ಕವೆ ಮಣೆ ಎಂದು ಕರೆಯೋಣ.

ಕೆಲಸದ ಕರಾರುವಾಕ್ಕುತನ ಯಂತ್ರದ ಬೆಲೆಯಲ್ಲಿ ಇರುವುದಿಲ್ಲ, ಆಧಾರದಲ್ಲಿ ಇರುತ್ತದೆ. ಬೇಲೂರು, ಹಳೇಬೀಡುಗಳ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಬಳೆ ತೊಟ್ಟಂಥ ಆ ಸುತ್ತುಗಳನ್ನು ತಿರುಗಣೆಗೆ ಕೊಟ್ಟು ಕಡೆದರೆಂದು ಶಿಲ್ಪ ಬಲ್ಲವರು ಹೇಳುತ್ತಾರೆ. ಬೇಲೂರಿನ ಗುಡಿ 1117ರದು. ಅಂದು ವಿದ್ಯುತ್ ಮೋಟಾರು ಇರಲಿಲ್ಲ. ಕಲ್ಲನ್ನು ಅಲುಗದಂತೆ ನಿಲ್ಲಿಸಿ ಒಂದೇ ಕೇಂದ್ರದ ಮೇಲೆ ತಿರುಗಿಸುವ ಉಪಾಯವಿತ್ತು. ನಮ್ಮ ಕರಟಕ್ಕೂ ಬೇಕಾದದ್ದು ಅಂಥ ಗಟ್ಟಿ ಆಧಾರವೇ.

ಎಂಥ ಕರಟ ಆರಿಸಬೇಕು?

ಇಲ್ಲಿ ಒಂದು ಮಾತನ್ನು ಮೊದಲೇ ತಿಳಿಯಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ಕರಟ ಬಟ್ಟಲಿಗೆ ಬರುವುದಿಲ್ಲ. ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದ ಮೇಲಿದ್ದ ಕಾಯಿಯಿಂದ ಉಂಡೆ ಮುರಿಯದಂತೆ ತೆಗೆಯಲು ಕರಟವನ್ನೇ ತುಂಡು ತುಂಡು ಮಾಡಬೇಕಾಗುತ್ತದೆ. ಬಟ್ಟಲಿಗೆ ಬೇಕಾದದ್ದು ಎರಡು ಹೋಳಾಗಿ ಒಡೆದ ಹಸಿ ಕಾಯಿಯ ಚಿಪ್ಪು. ಮನೆಯ ಅಡುಗೆ, ಹೋಟೆಲು, ಮದುವೆ ಛತ್ರ, ದೇವಸ್ಥಾನ ಇವೇ ಅದರ ಮೂಲ.

ಹೋಳುಗಳಲ್ಲಿ ಕಣ್ಣಿಲ್ಲದ ಕಡೆಯದನ್ನು ಬಟ್ಟಲಿಗೆ ಆರಿಸಿ. ಮೂರು ಕಣ್ಣಿನ ಕಡೆಯ ಹೋಳಿನಲ್ಲಿ ಮೆತ್ತನೆಯ ಕಣ್ಣು ಸೋರುತ್ತದೆ. ಅದನ್ನು ಬಿಸಾಡಬೇಕಿಲ್ಲ, ಆ ಕಣ್ಣನ್ನೇ ಚುಚ್ಚಿ ನೀರು ಬಸಿಯುವ ತೂತು ಮಾಡಿದರೆ ಸಸಿ ಎಬ್ಬಿಸುವ ಕುಂಡವಾಗುತ್ತದೆ. ಬಿರುಕು ಬಿಟ್ಟ ಚಿಪ್ಪನ್ನು ಮಾತ್ರ ಒಲೆಗೇ ಹಾಕಿ. ಉಗುರಿನಿಂದ ತಟ್ಟಿದಾಗ ಗಟ್ಟಿ ಚಿಪ್ಪು ಠಣ್ ಎನ್ನುತ್ತದೆ, ಬಿರುಕಿನದು ಬೊದ್ದು ಸದ್ದು ಕೊಡುತ್ತದೆ. ತಿರುಳು ಕೆರೆದ ಮೇಲೆ ನೆರಳಿನಲ್ಲಿ ಒಣಗಿಸಿ.

ಬೇಕಾಗುವ ಸಾಮಾನು

18 ಮಿ.ಮೀ. ದಪ್ಪದ ಪ್ಲೈವುಡ್, 300 ಮಿ.ಮೀ. ಉದ್ದ 150 ಮಿ.ಮೀ. ಅಗಲದ ಒಂದು ತುಂಡು. ಒತ್ತುವುದಕ್ಕೆ 250 ಮಿ.ಮೀ. ಉದ್ದದ ಇನ್ನೊಂದು ಹಲಗೆ, ಕಾಲುಗಳಿಗೆ ಮರದ ತುಂಡುಗಳು, ಹಳೆಯ ಸೈಕಲ್ ಟ್ಯೂಬು, ಸ್ಕ್ರೂಗಳು, ಮರದ ಅಂಟು, ಎರಡು ಕ್ಲ್ಯಾಂಪು. ಪ್ಲೈವುಡ್ ಹೊಸದೇ ಆಗಬೇಕೆಂದಿಲ್ಲ, ಬಡಗಿಯಲ್ಲಿ ಉಳಿದ ಚೂರು ಸಾಕು.

ಮಾಡುವ ವಿಧಾನ

ದೊಡ್ಡ ಹಲಗೆಯ ಒಂದು ಉದ್ದಂಚಿನ ನಡುವೆ ಗುರುತು ಹಾಕಿ. ಅಲ್ಲಿಂದ ಎಡಕ್ಕೆ 55, ಬಲಕ್ಕೆ 55, ಒಳಕ್ಕೆ 55 ಮಿ.ಮೀ. ಅಳೆದು ಮೂರು ಗುರುತುಗಳನ್ನು ಗೆರೆಯಿಂದ ಸೇರಿಸಿ ಗರಗಸದಿಂದ ಕೊಯ್ಯಿರಿ. ಸರಿಯಾದ ಮೂಲೆಮಟ್ಟದ ಕವೆ ಸಿಕ್ಕುತ್ತದೆ. ಸಣ್ಣ ಕರಟವಾದರೆ ಕವೆಯ ಒಳಕ್ಕೆ ಸರಿದು, ದೊಡ್ಡದಾದರೆ ಬಾಯಿಯ ಕಡೆಗೆ ನಿಂತು, ಎರಡೂ ಎರಡು ಕಡೆ ತಾಗಿಕೊಂಡು ನಿಲ್ಲುತ್ತವೆ. 110 ಮಿ.ಮೀ. ಅಗಲದವರೆಗಿನ ಯಾವ ಕರಟಕ್ಕಾದರೂ ಒಂದೇ ಮಣೆ ಸಾಕು. ದುಂಡು ತೂತು ಕೊರೆದರೆ ಒಂದೊಂದು ಅಳತೆಗೆ ಒಂದೊಂದು ಮಣೆ ಬೇಕಾಗುತ್ತಿತ್ತು.

ಈ ಮಣೆಯ ಎರಡು ತುದಿಗಳ ಕೆಳಗೆ ಕಾಲು ಕೂಡಿಸಿ. ಬೆಂಚಿನ ಮೇಲೆ ನಿಲ್ಲಿಸಿದಾಗ ಮಣೆ ಪಟ್ಟಿಯ ಮೇಲೆ ಅಡ್ಡಲಾಗಿ, ಪಟ್ಟಿಗೂ ಮಣೆಗೂ 3 ಮಿ.ಮೀ. ಸಂದು ಇರುವಂತೆ ಕಾಲಿನ ಎತ್ತರ ನೋಡಿಕೊಳ್ಳಿ. ಸಂದು ಇಲ್ಲದಿದ್ದರೆ ಪಟ್ಟಿ ಮಣೆಯನ್ನೇ ತಿನ್ನುತ್ತದೆ. ಹೆಚ್ಚಾದರೆ ಕರಟದ ಅಂಚು ಅಡಿಗೆ ನುಸುಳುತ್ತದೆ. ಕವೆಯ ಬಾಯಿ ಪಟ್ಟಿ ಓಡಿಬರುವ ಕಡೆಗೆ ಇರಬೇಕು. ಆಗ ಪಟ್ಟಿಯೇ ಕರಟವನ್ನು ಕವೆಯ ಒಳಕ್ಕೆ ತಳ್ಳಿ ಹಿಡಿದುಕೊಳ್ಳುತ್ತದೆ. ತಿರುಗುಮುರುಗಾಗಿ ಇಟ್ಟರೆ ಕರಟ ಹೊರಕ್ಕೆ ಹಾರುತ್ತದೆ. ಓಟದ ದಿಕ್ಕನ್ನು ಮಣೆಯ ಮೇಲೆಯೇ ಬಾಣದ ಗುರುತಿನಿಂದ ಬರೆದಿಡುವುದು ಒಳ್ಳೆಯದು. ಕೊನೆಗೆ ಮಣೆಯನ್ನು ಎರಡು ಕ್ಲ್ಯಾಂಪಿನಿಂದ ಬೆಂಚಿಗೆ ಬಿಗಿಯಿರಿ.

ಇನ್ನು ಒತ್ತು ಮಣೆ. ಎರಡನೆಯ ಹಲಗೆಯ ಕೆಳಮೈ ನಡುವೆ ಸೈಕಲ್ ಟ್ಯೂಬಿನ ಎರಡು ಪದರ ಅಂಟಿಸಿ, ಅದರ ಮಧ್ಯೆ ಒಂದು ರೂಪಾಯಿಯ ನಾಣ್ಯದಷ್ಟು ತೂತು ಬಿಡಿ. ಕರಟದ ಬೆನ್ನು ಆ ತೂತಿನಲ್ಲಿ ಕೂತು ಜಾರುವುದಿಲ್ಲ. ಹಲಗೆಯ ಎರಡು ತುದಿಗೆ ಗಿಡ್ಡ ಕಾಲು ಹಾಕಿ. ಕೆಳಗೆ ಒತ್ತುತ್ತ ಹೋದಂತೆ ಈ ಕಾಲುಗಳು ಕವೆ ಮಣೆಗೆ ತಾಗಿ ನಿಲ್ಲುತ್ತವೆ, ಅಲ್ಲಿಗೆ ಉಜ್ಜುವುದೂ ನಿಲ್ಲುತ್ತದೆ. ಬಟ್ಟಲುಗಳೆಲ್ಲ ಒಂದೇ ಎತ್ತರಕ್ಕೆ ಬರುವ ಗುಟ್ಟು ಇದು. ಲೆಕ್ಕ ಸುಲಭ: ಸಂದು 3, ಮಣೆಯ ದಪ್ಪ 18, ಒಟ್ಟು 21 ಮಿ.ಮೀ. ಬಟ್ಟಲಿನ ಎತ್ತರ 45 ಬೇಕಾದರೆ ಟ್ಯೂಬಿನ ಮೈಯಿಂದ ಕೆಳಕ್ಕೆ ಕಾಲು 24 ಮಿ.ಮೀ. ಇರಬೇಕು. ಮೊದಲ ಬಟ್ಟಲನ್ನು ಅಳೆದು ನೋಡಿ ಕಾಲನ್ನು ತಿದ್ದಿಕೊಳ್ಳಿ.

ಉಜ್ಜುವ ಕ್ರಮ

ಮಚ್ಚಿನಿಂದ ಒಡೆದ ಅಂಚು ಹಲ್ಲುಹಲ್ಲಾಗಿರುತ್ತದೆ. ಅದನ್ನು ಪೂರ್ತಿ ಯಂತ್ರದಲ್ಲೇ ತೆಗೆಯಲು ಹೋದರೆ ಪಟ್ಟಿ ಬೇಗ ಸವೆಯುತ್ತದೆ, ಕರಟ ಸುಟ್ಟ ವಾಸನೆ ಬರುತ್ತದೆ. ಆದ್ದರಿಂದ ಮೊದಲು ಗೆರೆ ಎಳೆದು ಹ್ಯಾಕ್ಸಾದಿಂದ ಕೊಯ್ಯಬೇಕು. ಬಟ್ಟೆಯ ಸಿಂಬಿ ಮಾಡಿ ಅದರ ಮೇಲೆ ಚಿಪ್ಪನ್ನು ಬಾಯಿ ಮೇಲಾಗಿ ಕೂರಿಸಿ. ಬೇಕಾದ ಎತ್ತರಕ್ಕಿಂತ 2–3 ಮಿ.ಮೀ. ಮೇಲೆ ಒಂದು ಗುರುತು ಹಾಕಿ, ಪೆನ್ಸಿಲನ್ನು ಆ ಮಟ್ಟಕ್ಕೆ ಒಂದು ಮರದ ತುಂಡಿನ ಮೇಲೆ ಕಟ್ಟಿ, ತುಂಡನ್ನು ಚಿಪ್ಪಿನ ಸುತ್ತ ಸರಿಸಿದರೆ ಮಟ್ಟದ ಗೆರೆ ಬೀಳುತ್ತದೆ.

ಕೊಯ್ದ ಚಿಪ್ಪನ್ನು ಬಾಯಿ ಕೆಳಗಾಗಿ ಕವೆಯಲ್ಲಿಟ್ಟು ಒತ್ತು ಮಣೆಯನ್ನು ಮೇಲಿಡಿ. ಒಂದು ಕೈ ಅದರ ಮೇಲಿರಲಿ. ಇನ್ನೊಂದು ಕೈಯಿಂದ ಸ್ವಿಚ್ ಹಾಕಿ, ಬಳಿಕ ಎರಡೂ ಕೈಯಿಂದ ಎರಡು ತುದಿ ಹಿಡಿದು ಹಗುರವಾಗಿ ಒತ್ತಿ. ಹತ್ತು ಎಣಿಸುವಷ್ಟರಲ್ಲಿ ಯಂತ್ರ ನಿಲ್ಲಿಸಿ. ಪಟ್ಟಿ ಪೂರ್ತಿ ನಿಂತ ಮೇಲೆ ಚಿಪ್ಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಉಜ್ಜಿ. 4 ಅಂಗುಲದ ಪಟ್ಟಿಯಿಂದ ಚಿಪ್ಪಿನ ಅಂಚು ಕೊಂಚ ಹೊರಗೆ ಉಳಿಯುವುದರಿಂದ ಹೀಗೆ ನಾಲ್ಕು ಸಲ ತಿರುಗಿಸಲೇಬೇಕು. ಇದಕ್ಕೆ 80 ನಂಬರಿನ ಪಟ್ಟಿ, ಬಳಿಕ 120ರದು ಸರಿ. ಆಮೇಲೆ 240, 400 ನಂಬರಿನ ಕಾಗದದಿಂದ ಕೈಯಲ್ಲೇ ಅಂಚಿನ ಮೂಲೆ ಮುರಿದು ನಯ ಮಾಡಿ.

ತಳ ಮಟ್ಟ ಮಾಡುವುದು ಕೊನೆಗೆ. ಚಿಪ್ಪನ್ನು ಅದೇ ಕವೆಯಲ್ಲಿ ಬೆನ್ನು ಕೆಳಗಾಗಿ ಇಟ್ಟು, ಮಟ್ಟವಾದ ಬಾಯಿಯ ಮೇಲೆ ಕಾಲಿಲ್ಲದ ಚಪ್ಪಟೆ ಹಲಗೆಯಿಂದ ಮೂರು–ನಾಲ್ಕು ಸೆಕೆಂಡು ಒತ್ತಿದರೆ ಸಾಕು. 100 ಮಿ.ಮೀ. ಅಗಲದ ದುಂಡು ಚಿಪ್ಪಿನ ಬೆನ್ನಿನಿಂದ 1 ಮಿ.ಮೀ. ಮಾತ್ರ ಸವೆಸಿದರೂ 20 ಮಿ.ಮೀ. ಅಗಲದ ಮಟ್ಟ ಸಿಕ್ಕುತ್ತದೆ. ಕರಟದ ದಪ್ಪ ಕೆಲವೇ ಮಿಲಿಮೀಟರು. ಆಸೆಪಟ್ಟು ಇನ್ನೂ ಉಜ್ಜಿದರೆ ತಳ ತೂತಾಗುತ್ತದೆ. ಇನ್ನೂ ಅಗಲದ ಪೀಠ ಬೇಕೆಂದರೆ ಬೇರೆ ಕರಟದಿಂದ ಕೊಯ್ದ ಬಳೆಯೊಂದನ್ನು ಅಂಟಿಸಬೇಕು.

ಊಟದ ಬಟ್ಟಲಿಗೆ ವಾರ್ನಿಷ್ ಬೇಡ. ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ಸವರಿದರೆ ಕರಟದ ಕಪ್ಪು–ಕಂದು ಬಣ್ಣ ತಾನೇ ಮೇಲೆ ಬರುತ್ತದೆ. ಕೊಬ್ಬರಿ ಎಣ್ಣೆ ಒಣಗಿ ಪದರ ಕಟ್ಟುವಂಥದಲ್ಲ. ಆಗಾಗ ಸವರುತ್ತಿರಬೇಕೆಂದು ಕೊಳ್ಳುವವರಿಗೂ ಹೇಳಿ.

ಎಚ್ಚರಿಕೆಯ ಮಾತು

ಬೆರಳಿಗಿಂತ ಎದೆಗೆ ಅಪಾಯ ಹೆಚ್ಚು. ಕರಟದ ಧೂಳು ಬಹಳ ನಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಕರಟದ ಧೂಳನ್ನೂ ಅಷ್ಟೇ ಅಂಜಿಕೆಯಿಂದ ನೋಡುವುದು ಜಾಣತನ. ಬಾಯಿಗೆ ಟವೆಲ್ ಸುತ್ತಿಕೊಂಡರೆ ನಯವಾದ ಧೂಳು ನಿಲ್ಲುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಎನ್–95 ಮಾಸ್ಕನ್ನು ಮೂಗಿಗೆ ಸಂದಿಲ್ಲದಂತೆ ಹಾಕಿ. ಕೆಲಸ ಜಗಲಿಯಲ್ಲೋ ಚಪ್ಪರದ ಅಡಿಯಲ್ಲೋ ಗಾಳಿ ಬೆನ್ನಿಗೆ ಬರುವಂತೆ ನಡೆಯಲಿ. ಅಡುಗೆ ಮನೆಯ ಪಕ್ಕದಲ್ಲಿ, ಮಕ್ಕಳ ಎದುರಿನಲ್ಲಿ ಬೇಡ. ಕಣ್ಣಿಗೆ ಕನ್ನಡಕ ಇರಲಿ.

ಹೆಗಲ ಮೇಲಿನ ಟವೆಲ್, ಸೆರಗು, ಜಡೆ, ಬಳೆ ಇವೆಲ್ಲ ಓಡುವ ಪಟ್ಟಿಗೆ ಸಿಕ್ಕುವಂಥವು, ಕಟ್ಟಿಕೊಂಡೇ ನಿಲ್ಲಬೇಕು. ಕೈಮಗ್ಗುಲಿಗೆ ಗವಸು ಹಾಕಬಾರದು, ಗವಸಿನ ತುದಿಯನ್ನೇ ಪಟ್ಟಿ ಎಳೆದುಕೊಳ್ಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಮಚ್ಚು, ಕುಡುಗೋಲುಗಳನ್ನು ಇದೇ ಯಂತ್ರದಲ್ಲಿ ಹದ ಹಾಕುವ ಆಸೆ ಬಂದೀತು. ಕಬ್ಬಿಣದಿಂದ ಕಿಡಿ ಹಾರುತ್ತದೆ. ಚೀಲದಲ್ಲಿ, ಯಂತ್ರದ ಸಂದಿಯಲ್ಲಿ ಕೂತ ಕರಟದ ಧೂಳಿಗೆ ಆ ಕಿಡಿ ಬಿದ್ದರೆ ಒಳಗೇ ಬೆಂಕಿ ಕೂತು ರಾತ್ರಿ ಹೊತ್ತಿಗೆ ಹೊಗೆಯಾಡಬಹುದು. ಧೂಳನ್ನು ಪೂರ್ತಿ ತೆಗೆಯದೆ ಕಬ್ಬಿಣ ಮುಟ್ಟಿಸಬೇಡಿ. ದಿನದ ಕೆಲಸ ಮುಗಿದ ಮೇಲೆ ಧೂಳಿನ ಚೀಲವನ್ನು ಮನೆಯ ಹೊರಗೆ ಬರಿದು ಮಾಡಿ.

ಬೇರೆ ಉಪಯೋಗ

ಕವೆ ಮಣೆ ಕರಟಕ್ಕೆ ಮಾತ್ರವಲ್ಲ. ಬಿದಿರಿನ ತುಂಡು, ಮಣೆಯ ಕಾಲು, ಗುದ್ದಲಿ ಕಾವಿನ ತುದಿ ಇವನ್ನು ಕವೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ ಒತ್ತಿದರೆ ತುದಿ ಮೂಲೆಮಟ್ಟಕ್ಕೆ ಬರುತ್ತದೆ. ಕುಂಟುವ ಸ್ಟೂಲಿನ ಕಾಲು ಬಿಚ್ಚಲು ಬರುವಂತಿದ್ದರೆ ಅದನ್ನೂ ಹೀಗೆ ಸರಿಪಡಿಸಬಹುದು.

ಮೊದಲು ನೂರು, ಆಮೇಲೆ ಯಂತ್ರ

ಇದನ್ನು ಓದಿ ಕೂಡಲೇ ಸಾಲ ಮಾಡಿ ಯಂತ್ರ ಕೊಳ್ಳುವುದು ಬೇಡ. ಮಣೆಯನ್ನು ಮಾಡಿಕೊಂಡು ಊರಿನ ಬಡಗಿಯ ಯಂತ್ರದಲ್ಲಿ, ಅವರ ಬಿಡುವಿನ ಹೊತ್ತಿನಲ್ಲಿ, ಬಾಡಿಗೆ ಕೊಟ್ಟು ನೂರು ಚಿಪ್ಪು ಉಜ್ಜಿ ನೋಡಿ. ಎಷ್ಟು ಒಡೆದವು, ಎಷ್ಟು ಪಟ್ಟಿ ಸವೆಯಿತು, ಎಷ್ಟು ತಾಸು ಹಿಡಿಯಿತು ಎಂದು ಬರೆದಿಡಿ. ಆ ನೂರನ್ನು ಬೇಲೂರಿನಲ್ಲೋ ಹಳೇಬೀಡಿನಲ್ಲೋ ಅಂಗಡಿಯವರಿಗೆ ತೋರಿಸಿ ಬೆಲೆ ಕೇಳಿ. ಪಟ್ಟಿ, ಬಾಡಿಗೆ, ಬಸ್ಸಿನ ಖರ್ಚು ಕಳೆದು ಉಳಿದದ್ದನ್ನು ತಾಸಿನಿಂದ ಭಾಗಿಸಿದರೆ ನಿಮ್ಮ ದುಡಿಮೆಗೆ ಸಿಕ್ಕ ಕೂಲಿ ಗೊತ್ತಾಗುತ್ತದೆ. ಅದು ತೋಟದ ಕೂಲಿಗಿಂತ ಕಡಿಮೆಯಾದರೆ ಇದು ಮನೆ ಬಳಕೆಯ ಹವ್ಯಾಸವಾಗಿ ಉಳಿಯಲಿ. ಹೆಚ್ಚಾದರೆ ಊರಿನ ಸ್ತ್ರೀಶಕ್ತಿ ಸಂಘದವರೋ, ನಾಲ್ಕು ಮನೆಯವರೋ ಸೇರಿ ಒಂದು ಯಂತ್ರ ಕೊಳ್ಳುವ ಮಾತು ಆಡಬಹುದು. ಕವೆ ಮಣೆಗೆ ಮಾತ್ರ ಒಂದು ಮಧ್ಯಾಹ್ನದ ಕೆಲಸಕ್ಕಿಂತ ಹೆಚ್ಚಿನ ಬಂಡವಾಳ ಬೇಕಾಗಿಲ್ಲ.